ಐದು ನಿಮಿಷ ಹಾರೋಕೆ ಇಡೀ ಭಾನುವಾರ ಬೇಕಾ?

ಗ್ಲೈಡಿಂಗ್ ಕ್ಲಬ್ಬಿನ ಮಾತು ಬಂದಾಗಲೆಲ್ಲ ಇಂಗ್ಲೆಂಡಿನಲ್ಲಿರುವ ಕನ್ನಡದ ಗೆಳೆಯರು ಕೇಳುವುದು ಇದನ್ನೇ: “ಬೆಳಗ್ಗೆ ಒಂಬತ್ತಕ್ಕೆ ಹೋದವರು ಕತ್ತಲಾದ ಮೇಲೆ ಬರ್ತೀರಿ. ಹಾರೋದು ಎಷ್ಟು ಹೊತ್ತು?” ಕಲಿಯುವ ಹಂತದಲ್ಲಿದ್ದರೆ ದಿನಕ್ಕೆ ಮೂರು ಸಲ, ಸಲಕ್ಕೆ ಐದಾರು ನಿಮಿಷ. ಈ ಲೆಕ್ಕ ಕೇಳಿದ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ: “ದುಡ್ಡು ಕೊಟ್ಟು, ಟೈಮ್ ಗೊತ್ತು ಮಾಡ್ಕೊಂಡು, ಹಾರಿ ಮನೆಗೆ ಬರೋಕಾಗಲ್ವಾ?”

ಆಗುವುದಿಲ್ಲ. ಗ್ಲೈಡರು ಎಂದರೆ ಎಂಜಿನ್ ಇಲ್ಲದ ವಿಮಾನ. ಅದನ್ನು ಮೇಲಕ್ಕೆ ಕಳಿಸುವುದು ನೆಲದ ಮೇಲೆ ನಿಂತ ಜನ, ಮತ್ತು ಆ ಜನ ಬೇರಾರೂ ಅಲ್ಲ, ತಮ್ಮ ಸರದಿಗೆ ಕಾಯುತ್ತಿರುವ ಉಳಿದ ಸದಸ್ಯರು.

ಗಾಳಿಪಟ ಹಾರಿಸಿದವರಿಗೆ ವಿಂಚ್ ಬೇಗ ಅರ್ಥವಾಗುತ್ತದೆ. ಮೈದಾನದ ಆ ತುದಿಯಲ್ಲಿ ದೊಡ್ಡ ಎಂಜಿನ್ನಿಗೆ ಕೂಡಿಸಿದ ಉರುಳೆ ಇರುತ್ತದೆ, ಅದೇ ವಿಂಚ್. ಅದರಿಂದ ಸುಮಾರು 1000 ಮೀಟರ್ ಕೇಬಲ್ ಈ ತುದಿಗೆ ಬಂದು ಗ್ಲೈಡರಿನ ಹೊಟ್ಟೆಯಡಿಯ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಉರುಳೆ ಸುತ್ತತೊಡಗಿದರೆ ಗ್ಲೈಡರು ಪಟದ ಹಾಗೆ ಮೂತಿಯೆತ್ತಿ ಏರುತ್ತದೆ. ಮುಕ್ಕಾಲು ನಿಮಿಷದಲ್ಲಿ ವಿಂಚಿನ ನೆತ್ತಿಯ ಮೇಲಿರುತ್ತದೆ. ಸಿಗುವ ಎತ್ತರ ಕೇಬಲ್ಲಿನ ಉದ್ದದ ಮೂರನೇ ಒಂದು ಪಾಲು, ಅಂದರೆ 350 ಮೀಟರಿನ ಆಸುಪಾಸು. ಗಾಳಿ ಸುಮ್ಮನಿದ್ದರೆ ಗ್ಲೈಡರು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್ ಇಳಿಯುತ್ತದೆ. ಆ ಐದಾರು ನಿಮಿಷದ ಲೆಕ್ಕ ಬರುವುದು ಇಲ್ಲಿಂದ. ಥರ್ಮಲ್, ಅಂದರೆ ಕಾದ ನೆಲದಿಂದ ಏಳುವ ಗಾಳಿಯ ಕಂಬ, ಸಿಕ್ಕಿತೆಂದರೆ ಹದ್ದಿನಂತೆ ಅದರಲ್ಲೇ ಸುತ್ತುತ್ತ ಗಂಟೆಗಟ್ಟಲೆ ಮೇಲಿರಬಹುದು.

ಒಂದು ಉಡಾವಣೆಗೆ ಎಷ್ಟು ಜನ ಬೇಕು ಎಂದು ಎಣಿಸಿ ನೋಡಿ. ವಿಂಚಿನಲ್ಲಿ ಒಬ್ಬರು. ಕೇಬಲ್ ಸಿಕ್ಕಿಸಲು ಒಬ್ಬರು. ರೆಕ್ಕೆಯ ತುದಿ ಹಿಡಿದು ಸಮಕ್ಕೆ ನಿಲ್ಲಿಸಲು ಒಬ್ಬರು, ಏಕೆಂದರೆ ಗ್ಲೈಡರಿನ ಮುಖ್ಯ ಗಾಲಿ ಒಂದೇ. ಕೈಬಿಟ್ಟರೆ ಒಂದು ಪಕ್ಕಕ್ಕೆ ವಾಲುತ್ತದೆ. ವಿಂಚಿನವರಿಗೆ ದೀಪದಿಂದಲೋ ರೇಡಿಯೋದಿಂದಲೋ ಸಂಜ್ಞೆ ಕೊಡಲು ಒಬ್ಬರು. ಹೊರಟ ಮತ್ತು ಇಳಿದ ಹೊತ್ತು ಬರೆಯಲು ಒಬ್ಬರು. ಗ್ಲೈಡರು ಮೇಲೆ ಕಳಚಿ ಬೀಳಿಸಿದ ಕೇಬಲ್ಲನ್ನು ಗಾಡಿಗೆ ಕಟ್ಟಿ ಮತ್ತೆ ಇತ್ತ ಎಳೆದು ತರಲು ಒಬ್ಬರು. ಇಳಿದ ಗ್ಲೈಡರನ್ನು ಸಾಲಿಗೆ ತಳ್ಳಲು ಮೂವರಾದರೂ ಬೇಕು. ಕೆಲವರು ಎರಡೆರಡು ಕೆಲಸ ಮಾಡಿದರೂ ಹಾರುವ ಇಬ್ಬರಿಗಾಗಿ ನೆಲದಲ್ಲಿ ಆರೇಳು ಜನ. ಹಾರಿದ ಕೂಡಲೇ ಒಬ್ಬೊಬ್ಬರೇ ಮನೆಗೆ ಹೊರಟರೆ ಮಧ್ಯಾಹ್ನ ಮೂರಕ್ಕೆ ಉಳಿದವರ ಗ್ಲೈಡರು ನೆಲ ಬಿಡುವುದಿಲ್ಲ. ಕ್ಲಬ್ಬಿನಲ್ಲಿ ಕ್ಷಮಿಸಲು ಕಷ್ಟವಾದ ತಪ್ಪು ಅದೊಂದೇ.

ಇದು ಈ ಆಟದ ಹುಟ್ಟಿನಲ್ಲೇ ಇದೆ. ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದ ಜರ್ಮನಿಯ ಎಂಜಿನ್ ವಿಮಾನಗಳಿಗೆ ಕಡಿವಾಣ ಹಾಕಿದಾಗ, 1920ರಲ್ಲಿ ವಾಸರ್‌ಕುಪೆ ಬೆಟ್ಟದ ಮೇಲೆ ಎಂಜಿನ್ನಿಲ್ಲದ ವಿಮಾನಗಳ ಸ್ಪರ್ಧೆ ಶುರುವಾಯಿತು. ಬೆಟ್ಟದಂಚಿನಲ್ಲಿ ರಬ್ಬರಿನ ಹಗ್ಗವನ್ನು ಎರಡು ಕವಲಾಗಿ ಹಿಡಿದು ತಂಡ ಕೆಳಕ್ಕೆ ಓಡುವುದು, ಬಾಲ ಹಿಡಿದವರು ಕೈಬಿಟ್ಟಾಗ ಕವಣೆಕಲ್ಲಿನಂತೆ ಗ್ಲೈಡರು ಚಿಮ್ಮುವುದು: ಇದು ಆಗಿನ ಪದ್ಧತಿ. ಇಂಗ್ಲೆಂಡಿನ ಲಾಂಗ್ ಮಿಂಡ್ ಗುಡ್ಡದ ಮೇಲಿರುವ ಮಿಡ್‌ಲೆಂಡ್ ಗ್ಲೈಡಿಂಗ್ ಕ್ಲಬ್ಬು ಈ ರಬ್ಬರ್ ಹಗ್ಗದ ಉಡಾವಣೆಯನ್ನು ಇಂದಿಗೂ ಉಳಿಸಿಕೊಂಡಿದೆ.

ಹೊಸಬರು ಮೊದಲ ದಿನವೇ ಕಲಿಯುವುದು ತಳ್ಳುವುದನ್ನು. ತಳ್ಳಬೇಕಾದ್ದು ರೆಕ್ಕೆಯ ಮುಂಬದಿಯನ್ನು, ಅದೂ ಒಡಲಿಗೆ ಹತ್ತಿರದಲ್ಲಿ. ಹಿಂಬದಿಯ ಅಂಚು ತೆಳು; ಅಲ್ಲಿ ಕೈಯಿಟ್ಟು ಒತ್ತಿದರೆ ಸೀಳುತ್ತದೆ. ತುದಿ ಹಿಡಿದವರು ತಳ್ಳುವುದಿಲ್ಲ, ದಾರಿ ತಿದ್ದುತ್ತಾರೆ, ಅಷ್ಟೆ. ಎಎಸ್‌ಕೆ 21 ಎಂಬ ಎರಡು ಸೀಟಿನ ಜರ್ಮನ್ ಗ್ಲೈಡರಿನಲ್ಲಿ ಎಷ್ಟೋ ಜನ ಕಲಿಯುತ್ತಾರೆ. ಅದರ ರೆಕ್ಕೆ ತುದಿಯಿಂದ ತುದಿಗೆ 17 ಮೀಟರ್. ನಡುವಿನಲ್ಲಿರುವವರಿಗೆ ಆ ತುದಿ ಎಲ್ಲಿದೆ ಎಂಬುದು ಕಣ್ಣಂದಾಜಿಗೆ ಸಿಗುವುದೇ ಇಲ್ಲ. ನಿಲ್ಲಿಸುವಾಗ ಗಾಳಿಗೆ ಅಡ್ಡಲಾಗಿ ನಿಲ್ಲಿಸಿ, ಗಾಳಿ ಬರುವ ಕಡೆಯ ರೆಕ್ಕೆಯನ್ನು ನೆಲಕ್ಕೆ ತಾಗಿಸಿ ಮೇಲೆ ಹಳೇ ಟೈರುಗಳನ್ನು ಹೇರಬೇಕು. ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳವನ್ನು ತೆರೆದು ಬಿಟ್ಟುಹೋಗುವಂತೆಯೇ ಇಲ್ಲ. ಗಾಳಿ ಬೀಸಿದರೆ ಕಿತ್ತುಹೋಗುತ್ತದೆ. ಬಿಸಿಲು ಬಿದ್ದರೆ ಭೂತಗನ್ನಡಿಯಂತೆ ಕೆಲಸ ಮಾಡಿ ಒಳಗಿನ ಸಾಮಾನನ್ನು ಸುಡುತ್ತದೆ.

ಕೇಬಲ್ ತರುವ ಗಾಡಿಯ ಕೆಲಸ ಸುಲಭವೆಂದು ತೋರುತ್ತದೆ, ಆದರೆ ದಿನ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಗಾಡಿ ಒಂದೇ ವೇಗದಲ್ಲಿ ಹೋಗಬೇಕು, ಕೊನೆಯಲ್ಲಿ ಮೆಲ್ಲಗೆ ನಿಲ್ಲಬೇಕು. ತಟ್ಟನೆ ಬ್ರೇಕ್ ಒತ್ತಿದರೆ ಗಾಡಿ ನಿಂತಿತು, ಆ ತುದಿಯ ಉರುಳೆ ಮಾತ್ರ ಓಟದ ಸೆಳೆತಕ್ಕೆ ಇನ್ನೂ ಸುತ್ತುತ್ತಲೇ ಇರುತ್ತದೆ. ಸಡಿಲವಾದ ಕೇಬಲ್ ಸುರುಳಿ ಸುರುಳಿಯಾಗಿ ಬಿದ್ದು ಹಕ್ಕಿಗೂಡಿನಂತೆ ಸಿಕ್ಕಾಗುತ್ತದೆ. ಅದನ್ನು ಬಿಡಿಸಲು ಅರ್ಧ ಗಂಟೆ. ಉಕ್ಕಿನ ಕೇಬಲ್ಲಿಗೆ ಮಡಿಕೆ ಬಿದ್ದಿದ್ದರೆ ಅಷ್ಟು ಭಾಗ ಕತ್ತರಿಸಿ ಮತ್ತೆ ಜೋಡಿಸಬೇಕು. ಎರಡು ಕೇಬಲ್ ಒಟ್ಟಿಗೆ ತರುವಾಗ ಒಂದರ ಮೇಲೊಂದು ಹಾಯದಂತೆ ನೋಡಿಕೊಳ್ಳಬೇಕು.

ಕೇಬಲ್ಲಿನ ತುದಿಯಲ್ಲಿ ಬೆರಳುದ್ದದ ಒಂದು ಲೋಹದ ಪಟ್ಟಿ ಇದೆ, ‘ವೀಕ್ ಲಿಂಕ್’ ಎನ್ನುತ್ತಾರೆ. ಬೇಕೆಂದೇ ದುರ್ಬಲ ಮಾಡಿದ ಕೊಂಡಿ ಅದು: ಎಳೆತ ಮಿತಿಮೀರಿದರೆ ರೆಕ್ಕೆ ಮುರಿಯುವ ಮೊದಲು ಅದು ಮುರಿಯಲಿ ಎಂದು. ಗ್ಲೈಡರಿಗೊಂದು ಬಲ, ಬಲಕ್ಕೊಂದು ಬಣ್ಣ. ಎಎಸ್‌ಕೆ 21ಕ್ಕೆ ಕಪ್ಪು, ಸುಮಾರು ಒಂದು ಟನ್ ಎಳೆತಕ್ಕೆ ಮುರಿಯುವಂಥದ್ದು. ಹಗುರವಾದ ಒಂಟಿ ಸೀಟಿನ ಗ್ಲೈಡರಿಗೆ ಅದನ್ನೇ ಹಾಕಿದರೆ ಕಾಪಾಡಬೇಕಾದ ಕೊಂಡಿ ಕಾಪಾಡುವುದಿಲ್ಲ. ಆದ್ದರಿಂದ ಸಿಕ್ಕಿಸುವವರು ಬಣ್ಣವನ್ನು ಬಾಯಿಬಿಟ್ಟು ಕೇಳುತ್ತಾರೆ, ಪೈಲಟ್ ಬಾಯಿಬಿಟ್ಟು ಹೇಳುತ್ತಾರೆ. ತಲೆಯಾಡಿಸಿದರೆ ಸಾಲದು.

ರೆಕ್ಕೆ ಹಿಡಿದವರ ಕೈಯಲ್ಲಿ ಇದಕ್ಕಿಂತ ದೊಡ್ಡ ಜವಾಬ್ದಾರಿ ಇದೆ. ಕೇಬಲ್ ಬಿಗಿಯಾಗುವಾಗ ರೆಕ್ಕೆಯನ್ನು ಸಮವಾಗಿ ಹಿಡಿಯಬೇಕು, ಹಿಂದಕ್ಕೆ ಎಳೆದು ಹಿಡಿಯಬಾರದು. ಎಳೆದು ಹಿಡಿದರೆ ಗ್ಲೈಡರಿನ ಮೂತಿ ಆ ಕಡೆಗೆ ತಿರುಗುತ್ತದೆ. ಸಮವಿಲ್ಲದೆ ಬಿಟ್ಟರೆ ತುದಿ ಹುಲ್ಲಿಗೆ ತಾಗಿ, ವಿಂಚಿನ ಎಳೆತಕ್ಕೆ ಗ್ಲೈಡರು ತಿರುಗಿ ಮಗುಚಬಹುದು. ಅದಕ್ಕೇ ಪೈಲಟ್ಟಿನ ಎಡಗೈ ಕೇಬಲ್ ಕಳಚುವ ಹಳದಿ ಹಿಡಿಯ ಮೇಲೇ ಇರುತ್ತದೆ. ರೆಕ್ಕೆಯನ್ನು ಸಮವಾಗಿ ಇಡಲಾಗುತ್ತಿಲ್ಲ ಅನಿಸಿದರೆ ತುದಿ ನೆಲ ಮುಟ್ಟುವ ಮೊದಲೇ ಕಳಚಬೇಕು. ‘ಸರಿಹೋದೀತು’ ಎಂದು ಕಾಯುವುದಕ್ಕೆ ಅಲ್ಲಿ ಸಮಯವಿಲ್ಲ.

ಇನ್ನೊಂದು ನಿಯಮವನ್ನು ನಾವು ತುಂಬ ಮೆಚ್ಚುತ್ತೇವೆ. ಯಾರು ಬೇಕಾದರೂ “ಸ್ಟಾಪ್” ಎಂದು ಕೂಗಬಹುದು. ಊರಿನ ತೇರು ಎಳೆಯುವಾಗ ಚಕ್ರಕ್ಕೆ ಮರದ ತುಂಡು ಕೊಡುವವರು ಕೈಯೆತ್ತಿದರೆ ಹಗ್ಗ ಹಿಡಿದ ನೂರಾರು ಜನ ನಿಲ್ಲುವುದಿಲ್ಲವೇ, ಹಾಗೆ. ನಿನ್ನೆ ಸೇರಿದ ಹದಿನಾಲ್ಕರ ಹುಡುಗಿ ಕೂಗಿದರೂ ಎಲ್ಲರೂ ಆ ಮಾತನ್ನು ದಾಟಿಸುತ್ತಾರೆ, ದೀಪ ಸತತವಾಗಿ ಉರಿಯುತ್ತದೆ, ವಿಂಚ್ ನಿಲ್ಲುತ್ತದೆ. ಕಾರಣ ಕೇಳುವುದು ಆಮೇಲೆ. ಮೇಲೊಂದು ಗ್ಲೈಡರು ಬರುತ್ತಿದೆ ಎಂದುಕೊಂಡದ್ದು ಹಕ್ಕಿಯಾಗಿದ್ದರೂ ಅವಳನ್ನು ಯಾರೂ ಗದರುವುದಿಲ್ಲ. ಗದರಿದರೆ ಮುಂದಿನ ಸಲ ನಿಜವಾಗಿ ಕೂಗಬೇಕಾದಾಗ ಅವಳು ಒಂದು ಕ್ಷಣ ತಡೆಯುತ್ತಾಳೆ. ಹಲವು ವರ್ಷ ಹಾರಿದವರಿಗೂ ಹೊಸಬರಿಗೂ ನಡುವೆ ಸಲಿಗೆ ಬೆಳೆಯುವುದು ಇಂಥ ಕಡೆ. ಚಹಾ, ಸ್ಯಾಂಡ್‌ವಿಚ್, ಹರಟೆ ಅದರ ಹಿಂದೆ ತಾವೇ ಬರುತ್ತವೆ.

ಈ ನಂಬಿಕೆ ಮೇಲೆ ಹೋದ ಮೇಲೂ ಬೇಕು. ಥರ್ಮಲ್ಲಿನಲ್ಲಿ ಮೊದಲು ಸೇರಿದವರು ಎಡಕ್ಕೆ ಸುತ್ತುತ್ತಿದ್ದರೆ ಆಮೇಲೆ ಬಂದವರೆಲ್ಲ ಎಡಕ್ಕೇ ಸುತ್ತಬೇಕು. ದೂರ ಹೋದವರು ಗಾಳಿ ಸೋತು ಯಾರದೋ ಹೊಲದಲ್ಲಿ ಇಳಿದರೆ, ಕ್ಲಬ್ಬಿನಿಂದ ಇಬ್ಬರು ಮೂವರು ಉದ್ದನೆಯ ಟ್ರೈಲರ್ ಎಳೆದುಕೊಂಡು ಹೊರಡುತ್ತಾರೆ. ರೈತನನ್ನು ಕಂಡು ಮಾತಾಡಿ, ಬೆಳೆ ತುಳಿಯದೆ, ರೆಕ್ಕೆ ಕಳಚಿ ಟ್ರೈಲರಿಗೆ ತುಂಬಿ, ಗೇಟು ಮೊದಲಿದ್ದಂತೆ ಮುಚ್ಚಿ ಬರಬೇಕು. ಅಂದಿನ ಊಟ ಇಳಿದವರ ಖರ್ಚಿನಲ್ಲಿ ಎಂಬುದು ಹಳೆಯ ರೂಢಿ.

ಟ್ರೈಲರಿನಿಂದ ಬಂದ ಗ್ಲೈಡರನ್ನು ಮತ್ತೆ ಜೋಡಿಸಿದ ಮೇಲೆ ಒಬ್ಬರು ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿಯನ್ನು ಕೈಯಲ್ಲಿ ಅಲುಗದಂತೆ ಹಿಡಿಯುತ್ತಾರೆ, ಇನ್ನೊಬ್ಬರು ಒಳಗೆ ಕೂತು ಗ್ಲೈಡರನ್ನು ನಡೆಸುವ ಕೋಲನ್ನು ಆಡಿಸಲು ನೋಡುತ್ತಾರೆ. ಕೋಲು ಸಲೀಸಾಗಿ ಆಡಿತೆಂದರೆ ಕೀಲು ಸಿಕ್ಕಿಲ್ಲ ಎಂದರ್ಥ. ಒಬ್ಬರೇ ಮಾಡಲಾಗದ ಪರೀಕ್ಷೆ ಇದು. ಬಾಲದ ಪಟ್ಟಿಗಳಿಗೂ ಇದೇ ಪರೀಕ್ಷೆ.

ಸಂಜೆ ಗ್ಲೈಡರುಗಳನ್ನು ಹ್ಯಾಂಗರಿಗೆ, ಅಂದರೆ ಅವನ್ನಿಡುವ ಶೆಡ್ಡಿಗೆ, ತುಂಬುವ ಹೊತ್ತಿಗೆ ಎಲ್ಲರಿಗೂ ದಣಿವು. ಗ್ಲೈಡರಿಗೆ ಸಣ್ಣಪುಟ್ಟ ಪೆಟ್ಟು ಬೀಳುವುದು ಆಕಾಶಕ್ಕಿಂತ ಈ ಬಾಗಿಲಲ್ಲೇ ಹೆಚ್ಚು. ಒಂದರ ರೆಕ್ಕೆಯಡಿ ಇನ್ನೊಂದರ ಬಾಲ ತೂರಿಸಿ ಇಡುವಾಗ ಪ್ರತಿ ತುದಿಗೂ ಒಬ್ಬರು ನಿಂತು ಕಣ್ಣಿಟ್ಟಿರಬೇಕು, ಹೇಳುವ ಬಾಯಿ ಮಾತ್ರ ಒಂದೇ ಇರಬೇಕು. ಇಷ್ಟಾದ ಮೇಲೂ ಬಾಗಿಲೆಳೆಯುವ ಮೊದಲು ಹೊತ್ತು ಬರೆದವರು ಪುಸ್ತಕ ತೆರೆಯುತ್ತಾರೆ. ಹೋದ ಪ್ರತಿ ಗ್ಲೈಡರಿನ ಎದುರಿಗೂ ಇಳಿದ ಹೊತ್ತು ಇದೆಯೇ ಎಂದು ಸಾಲುಸಾಲಾಗಿ ನೋಡುತ್ತಾರೆ. ಒಂದು ಮನೆ ಖಾಲಿ ಇದ್ದರೂ ಯಾರೂ ಕಾರು ಹತ್ತುವುದಿಲ್ಲ, ಫೋನು ತೆಗೆಯುತ್ತಾರೆ.