ಎರೆಹೊಲದ ಇಬ್ಬನಿ

ಹುಬ್ಬಳ್ಳಿಯಿಂದ ನವಲಗುಂದ ದಾಟಿ ನರಗುಂದದತ್ತ ಸಾಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಡಿಸೆಂಬರ್ ತಿಂಗಳಲ್ಲಿ ಕಾಣುವುದು ಬಹುಪಾಲು ಕಡಲೆ ಮತ್ತು ಬಿಳಿಜೋಳದ ಹೊಲಗಳು. ಇಬ್ಬನಿ ನೋಡುವವರು ಸಾಮಾನ್ಯವಾಗಿ ಕೊಡಗಿಗೋ ಮುಳ್ಳಯ್ಯನಗಿರಿಗೋ ಹೋಗುತ್ತಾರೆ. ನಾನು ಈ ಬಯಲನ್ನು ಆರಿಸಿಕೊಂಡದ್ದು, ಇಲ್ಲಿ ಇಬ್ಬನಿಗೆ ರುಚಿಯೂ ಇದೆಯೆಂದು ಕೇಳಿದ್ದರಿಂದ.

ಮೋಡವಿಲ್ಲದ ರಾತ್ರಿ ನೆಲವೂ ಎಲೆಯೂ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾದಾಗ, ಅವುಗಳಿಗೆ ತಾಗಿದ ಗಾಳಿಯ ತೇವ ಹನಿಗಟ್ಟುತ್ತದೆ. ಇಬ್ಬನಿಯೆಂಬ ಮಾತಿನ ಕೊನೆಯಲ್ಲಿರುವುದೂ ಈ ಹನಿಯೇ, ಅದರ ಹಳಗನ್ನಡ ರೂಪವಾದ ‘ಪನಿ’. ತಮಿಳರು ಇಬ್ಬನಿಯನ್ನು ಇಂದಿಗೂ ಪನಿಯೆಂದೇ ಕರೆಯುತ್ತಾರೆ; ಮಲಯಾಳದಲ್ಲಿ ಮಾತ್ರ ಪನಿಯೆಂದರೆ ಜ್ವರ.

ಸೂರ್ಯ ಏಳುವ ಮೊದಲೇ ಬದುವಿನ ಮೇಲಿದ್ದ ಹೊಲದ ಯಜಮಾನರು, ನಾನು ಚಪ್ಪಲಿ ಬಿಡುವುದನ್ನು ಕಂಡು, “ಬರಿಗಾಲಾಗ ಇಳೀಬ್ಯಾಡ್ರಿ, ಹುಳಿ ಹತ್ತಿ ಕಾಲು ಉರೀತಾವ” ಎಂದರು. ಕಡಲೆ ಗಿಡದ ಮೈತುಂಬ ಇರುವ ನವಿರಾದ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ, ಇಬ್ಬನಿ ಅದರಲ್ಲಿ ಬೆರೆತು ಪ್ರತಿ ಹನಿಯೂ ಹುಳಿಯಾಗುತ್ತದೆ. ಎಲೆಯೊಂದನ್ನು ನೆಕ್ಕಿ ನೋಡಿದೆ. ಹುಳಿಯ ಹಿಂದೆಯೇ ತುಸು ಉಪ್ಪು. ರಾತ್ರಿ ಗಿಡಗಳ ಮೇಲೆ ತೆಳುವಾದ ಬಿಳಿ ಬಟ್ಟೆ ಹಾಸಿ, ನಸುಕಿನಲ್ಲಿ ಅದನ್ನು ಹಿಂಡಿ, ಬಂದ ಹುಳಿಯನ್ನು ಅಜೀರ್ಣಕ್ಕೂ ಹೊಟ್ಟೆನೋವಿಗೂ ಮದ್ದಾಗಿ ಇಟ್ಟುಕೊಳ್ಳುವ ರೂಢಿ ಹಿಂದೆ ಇತ್ತು. ಈಗ ಆ ಕೆಲಸಕ್ಕೆ ಕೂರುವವರು ಕಡಿಮೆ. ಕಡಲೆ ಸೊಪ್ಪಿನ ಪಲ್ಯಕ್ಕೆ ಬೇರೆ ಹುಳಿ ಬೇಡದಿರುವುದೂ ಈ ಗುಣದಿಂದಲೇ.

ಹಾಗೆಂದು ಇಲ್ಲಿ ಇಬ್ಬನಿಯನ್ನು ಯಾರೂ ಹಾಡಿ ಹೊಗಳುವುದಿಲ್ಲ. ಹಿಂಗಾರಿಯಲ್ಲಿ ಎರೆಮಣ್ಣು ಹಿಡಿದಿಟ್ಟ ಹಸಿಯಲ್ಲಿಯೇ ಬೆಳೆಯುವ ಪೈರಿಗೆ ಹದವಾದ ಇಬ್ಬನಿ ಹಿತವೆಂದು ರೈತರು ನಂಬುತ್ತಾರೆ, ಆದರೆ ಹೂ ಬಿಡುವ ಹೊತ್ತಿನಲ್ಲಿ ದಟ್ಟ ಮಂಜು ದಿನಗಟ್ಟಲೆ ಕವಿದರೆ ಹೂ ಉದುರುವ ಭಯ. ಎಲೆಯ ಹುಳಿ ಕಾಯಿಕೊರಕ ಹುಳುವನ್ನು ಒಂದಿಷ್ಟು ತಡೆಯುತ್ತದೆ, ಅಕಾಲದ ಮಳೆ ಅದನ್ನೂ ತೊಳೆದುಬಿಡುತ್ತದೆ. ಪೇಟೆಯವರ ಇಬ್ಬನಿ ಪ್ರೀತಿಗೆ ಮುಖ್ಯ ಕಾರಣ ಹೊಲವಿಲ್ಲದಿರುವುದೇ ಇರಬೇಕು.

ಯಜಮಾನರಿಗೆ ಇಬ್ಬನಿ ನಿಜವಾಗಿ ಬೇಕಾಗುವುದು ಕಟಾವಿನ ಕಾಲಕ್ಕಂತೆ. ಒಣಗಿದ ಗಿಡವನ್ನು ಬಿಸಿಲೇರಿದ ಮೇಲೆ ಕಿತ್ತರೆ ಕಾಯಿಗಳು ಹೊಲದಲ್ಲಿಯೇ ಉದುರುತ್ತವೆ. ತೇವವಿರುವಾಗ ಕಿತ್ತರೆ ಗಿಡದಲ್ಲಿಯೇ ನಿಲ್ಲುತ್ತವೆ. ಅದಕ್ಕೆಂದೇ ಕೂಲಿಯವರು ನಸುಕಿಗೇ ಹೊಲಕ್ಕಿಳಿದು, ಹನಿ ಆರುವಷ್ಟರಲ್ಲಿ ಆ ದಿನದ ಕೀಳುವ ಕೆಲಸವನ್ನು ಮುಗಿಸಿಬಿಡುತ್ತಾರೆ.