ಲೈಪ್‌ಜಿಗ್‌ನಲ್ಲಿ ಬಾಖ್ ಕೇಳೋಕೆ ಹೋಗ್ತೀರಾ? ಮೊದಲು ಸೀಟು ಎಲ್ಲಿದೆ ನೋಡಿ

ಹಳೇ ಕಾಲದ ವಾದ್ಯಗಳಲ್ಲೇ ನುಡಿಸುವ ಬರೋಕ್ (ಬಾಖ್ ಕಾಲದ ಯುರೋಪಿನ ಸಂಗೀತ) ಆರ್ಕೆಸ್ಟ್ರಾ ಕೇಳಬೇಕು ಅಂತ ಆಸೆ ಇದ್ದರೆ ಜೂನ್‌ನಲ್ಲಿ ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ. 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೂ ಜರ್ಮನ್ ಸಂಗೀತ ರಚನೆಕಾರ ಬಾಖ್ ಕೆಲಸ ಮಾಡಿದ್ದು ಇದೇ ಊರಿನಲ್ಲಿ. ಅವರ ಸಂಗೀತದ ಉತ್ಸವ ಬಾಖ್‌ಫೆಸ್ಟ್ ನಡೆಯುವುದು ಜೂನ್‌ನಲ್ಲೇ. ಬರ್ಲಿನ್‌ನಿಂದ ವೇಗದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ, ಸ್ಟೇಷನ್ನಿಂದ ಕಛೇರಿ ನಡೆಯುವ ಥಾಮಸ್ ಚರ್ಚಿಗೆ ನಡೆದೇ ಹೋಗಬಹುದು.

ಟಿಕೆಟ್ ತಗೊಳ್ಳುವಾಗ ಯಾರು ನುಡಿಸುತ್ತಾರೆ ಅಂತ ನೋಡಿ. ಈ ಊರಿನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾ ತುಂಬಾ ದೊಡ್ಡ ಹೆಸರು, ಆದರೆ ಅವರದು ಈಗಿನ ಕಾಲದ ವಾದ್ಯಗಳು. ಫ್ರೈಬುರ್ಗ್ ಬರೋಕ್ ಆರ್ಕೆಸ್ಟ್ರಾ, ಬಾಖ್ ಕಲೀಜಿಯಂ ಜಪಾನ್, ಬರ್ಲಿನ್ನಿನ ಅಕಾಡೆಮಿ ಫ್ಯೂರ್ ಆಲ್ಟೆ ಮುಸಿಕ್, ಹಳೇ ವಾದ್ಯ ನುಡಿಸುವ ಇಂಥ ತಂಡಗಳ ಹೆಸರು ಕಂಡರೆ ಬಿಡಬೇಡಿ.

ಇನ್ನೊಂದು ವಿಷಯ ಸೀಟು. ಥಾಮಸ್ ಚರ್ಚಿನಲ್ಲಿ ಆರ್ಕೆಸ್ಟ್ರಾ ಕೂರುವುದು ಹಿಂದುಗಡೆ, ಮೇಲಿನ ಗ್ಯಾಲರಿಯಲ್ಲಿ. ಕೆಳಗಿನ ಬೆಂಚುಗಳಲ್ಲಿ ಕೂತರೆ ಸಂಗೀತ ಬೆನ್ನ ಹಿಂದಿನಿಂದ ಬರುತ್ತದೆ, ನುಡಿಸುವವರು ಕಾಣುವುದಿಲ್ಲ. ಕಡಿಮೆ ಬೆಲೆಯ ಸೀಟು ಅಂದರೆ ಸಾಮಾನ್ಯವಾಗಿ ಕಾಣದ ಸೀಟು ಅಂತಲೇ ಅರ್ಥ. ಬರೀ ಕೇಳಿದರೆ ಸಾಕು ಅನ್ನುವವರಿಗೆ ಅದೇ ಒಳ್ಳೆಯದು. ಆದರೆ ವಾದ್ಯ ನೋಡಬೇಕು ಅಂತಲೇ ಅಷ್ಟು ದೂರ ಹೋಗುವವರು ಸ್ವಲ್ಪ ಜಾಸ್ತಿ ಕೊಟ್ಟು ಪಕ್ಕದ ಗ್ಯಾಲರಿಯಲ್ಲಿ ಜಾಗ ಹಿಡಿಯಿರಿ, ಯಾಕಂದ್ರೆ ಅಲ್ಲಿ ನೋಡುವುದು ಬೇಕಾದಷ್ಟಿದೆ.

ಪಿಟೀಲಿಗೆ ಗದ್ದ ಇಡುವ ಪಟ್ಟಿ ಇಲ್ಲ. ದೊಡ್ಡ ಪಿಟೀಲಿನಂಥ ಚೆಲ್ಲೋಗೆ ನೆಲಕ್ಕೆ ಊರುವ ಕಡ್ಡಿ ಇಲ್ಲ, ಎರಡು ಕಾಲಿನ ನಡುವೆ ಹಿಡಿದೇ ನುಡಿಸುತ್ತಾರೆ. ತಂತಿಗಳು ಕುರಿಯ ಕರುಳಿನವು. ತೇವ, ಸೆಕೆ ಎರಡೂ ತಡೆಯುವುದಿಲ್ಲ, ಜನ ತುಂಬಿದ ಚರ್ಚಿನಲ್ಲಿ ಶ್ರುತಿ ಜಾರುತ್ತಲೇ ಇರುತ್ತದೆ. ಅದಕ್ಕೇ ನಮ್ಮ ಕಛೇರಿಗಳ ಹಾಗೆ ಇಲ್ಲೂ ಮಧ್ಯೆ ಮಧ್ಯೆ ನಿಲ್ಲಿಸಿ ಶ್ರುತಿ ಮಾಡಿಕೊಳ್ಳುತ್ತಾರೆ. ಶ್ರುತಿಗೆ ಹಿಡಿಯುವ 'ಎ' ಸ್ವರ ಈಗಿನ ಹಾಗೆ 440 ಹರ್ಟ್ಸ್ ಅಲ್ಲ, ಸಾಮಾನ್ಯವಾಗಿ 415, ಅಂದರೆ ಅರ್ಧ ಮನೆ ಕೆಳಗೆ. ಟ್ರಂಪೆಟ್ಟಿಗಂತೂ ಒತ್ತುವ ವಾಲ್ವ್‌ಗಳೇ ಇಲ್ಲ, ಉದ್ದನೆಯ ಹಿತ್ತಾಳೆ ಕೊಳವೆ ಅಷ್ಟೇ, ಸ್ವರ ಬದಲಾಗುವುದು ಮುಖ್ಯವಾಗಿ ತುಟಿ ಮತ್ತು ಉಸಿರಿನಿಂದ. ಬಿ ಮೈನರ್ ಮಾಸ್‌ನ 'ಗ್ಲೋರಿಯಾ' ಭಾಗ (ಮಾಸ್ ಅಂದರೆ ಚರ್ಚಿನ ಪ್ರಾರ್ಥನೆಯ ಮಾತುಗಳಿಗೆ ಬಾಖ್ ಬರೆದ ದೊಡ್ಡ ಗಾಯನಕೃತಿ) ಶುರುವಾಗುವಾಗ ಅಂಥ ಮೂರು ಟ್ರಂಪೆಟ್ ಒಟ್ಟಿಗೆ ಏಳುತ್ತವಲ್ಲ, ಅಷ್ಟಾದರೂ ಹಾಡುವವರ ಧ್ವನಿ ಮುಚ್ಚಿಹೋಗುವುದಿಲ್ಲ. ಆ ಹದ ರೆಕಾರ್ಡಿಂಗ್‌ನಲ್ಲಿ ಸಿಗುವುದಿಲ್ಲ, ನನಗೆ ಈ ಪ್ರಯಾಣದ ಖರ್ಚು ಸಾರ್ಥಕ ಅನ್ನಿಸಿದ್ದು ಅಲ್ಲೇ.

ಬಿ ಮೈನರ್ ಮಾಸ್ ಉತ್ಸವದ ಕೊನೆಯ ಕಾರ್ಯಕ್ರಮ. ಅದಕ್ಕೆ ಟಿಕೆಟ್ ತಿಂಗಳುಗಟ್ಟಲೆ ಮುಂಚೆಯೇ ತಗೊಳ್ಳಿ. ಷೆಂಗೆನ್ ವೀಸಾ ಕೆಲಸವನ್ನೂ ಆಗಲೇ ಶುರು ಮಾಡಿ. ಬೆಂಚು ಮರದ್ದು, ಗಟ್ಟಿ. ಒಂದು ಶಾಲು ಇದ್ದರೆ ಮಡಿಸಿ ಕೆಳಗೆ ಹಾಕಿಕೊಳ್ಳಬಹುದು, ಚಳಿಯಾದರೆ ಹೊದೆಯಲೂಬಹುದು.

ಹಗಲು ಬಿಡುವಿದ್ದಾಗ ಗ್ರಾಸಿ ವಾದ್ಯ ಸಂಗ್ರಹಾಲಯಕ್ಕೆ ಹೋಗಿ. 1543ರ ಕ್ಲಾವಿಕಾರ್ಡ್ (ಪಿಯಾನೋಗಿಂತ ಹಳೆಯ ಕೀಲಿಮಣೆ ವಾದ್ಯ), ಪಿಯಾನೋ ಕಂಡುಹಿಡಿದ ಕ್ರಿಸ್ಟೊಫೊರಿ 1726ರಲ್ಲಿ ಮಾಡಿದ ಪಿಯಾನೋ, ಎರಡೂ ಅಲ್ಲಿವೆ. ಸೋಮವಾರ ರಜೆ. ಥಾಮಸ್ ಚರ್ಚಿನೊಳಗೇ ಬಾಖ್ ಸಮಾಧಿ ಇದೆ, 1950ರಿಂದ ಅಲ್ಲೇ ಇರುವುದು.

ಜೂನ್‌ನಲ್ಲಿ ಆಗದಿದ್ದರೂ ಬೇಜಾರು ಬೇಡ. ಶುಕ್ರವಾರ ಸಂಜೆ 6ಕ್ಕೆ, ಶನಿವಾರ ಮಧ್ಯಾಹ್ನ 3ಕ್ಕೆ ಅದೇ ಚರ್ಚಿನ ಹುಡುಗರ ತಂಡ ಹಾಡುತ್ತದೆ, ಶಾಲೆ ರಜೆ ಬಿಟ್ಟು. ಬಾಗಿಲಲ್ಲಿ ಕೆಲವೇ ಯೂರೋ ಕೊಟ್ಟು ಕಾರ್ಯಕ್ರಮದ ಹಾಳೆ ತಗೊಂಡರೆ ಅದೇ ಟಿಕೆಟ್. ಅದು ಪ್ರಾರ್ಥನೆ, ಚಪ್ಪಾಳೆ ಹೊಡೆಯಬೇಡಿ.