ದಾನಪತ್ರದಲ್ಲಿ ಇಲ್ಲದ ವಾಕ್ಯ

ಕಾರ್ಕಳ ಕಡೆಯ ನಮ್ಮ ಊರಿನಲ್ಲಿ ನಾವು ಏಳೆಂಟು ಮಂದಿ ಹೆಂಗಸರು ತಿಂಗಳಿಗೆರಡು ಭಾನುವಾರ ಭಜನಾ ಮಂದಿರದ ಜಗಲಿಯಲ್ಲಿ ಕುಳಿತು, ವಯಸ್ಸಾದ ಹೆಂಗಸರು ತರುವ ಕಾಗದಪತ್ರಗಳನ್ನು ಓದಿ ಹೇಳುತ್ತೇವೆ. ನಮ್ಮದು ನೋಂದಣಿಯಾದ ಸಂಘವಲ್ಲ, ನಮಗೊಂದು ಹೆಸರೂ ಇಲ್ಲ. ಮೊದಮೊದಲು ಬರುತ್ತಿದ್ದವು ಪಿಂಚಣಿಯ ತೊಡಕುಗಳೇ: 65 ತುಂಬಿದವರಿಗೆ ಸಿಗುವ ಸಂಧ್ಯಾ ಸುರಕ್ಷಾದ 1,200 ರೂಪಾಯಿ, ವಿಧವಾ ವೇತನದ 800 ರೂಪಾಯಿ, ಆಧಾರಿನಲ್ಲಿ ತಪ್ಪಿದ ಹುಟ್ಟಿದ ವರ್ಷ, ಬೀಡಿ ಕಟ್ಟಿ ಸವೆದು ಯಂತ್ರಕ್ಕೆ ಗುರುತೇ ಹತ್ತದ ಬೆರಳು.

ಕಳೆದ ಮಳೆಗಾಲದಲ್ಲಿ ಎಪ್ಪತ್ತು ದಾಟಿದ ಒಬ್ಬರು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ದಾನಪತ್ರವೊಂದನ್ನು ತಂದರು. ಐದು ವರ್ಷಗಳ ಹಿಂದೆ ಮನೆಯನ್ನೂ ನಲವತ್ತು ಸೆಂಟ್ಸ್ ಜಾಗವನ್ನೂ ಮಗನ ಹೆಸರಿಗೆ ಬರೆದುಕೊಟ್ಟಿದ್ದ ಅವರು ಈಗ ಅದೇ ಮನೆಯ ಹಿಂಬದಿಯ ಕೊಟ್ಟಿಗೆಗೆ ಮಾಡು ಇಳಿಸಿಕೊಂಡು, ಬೇರೆ ಒಲೆ ಹೂಡಿದ್ದಾರೆ. ನಾನು ಪತ್ರವನ್ನು ಜೋರಾಗಿ ಓದಿದೆ. ‘ಪ್ರೀತಿ ವಿಶ್ವಾಸದಿಂದ’ ಎಂಬ ಮಾತು ಮೂರು ಕಡೆ ಇತ್ತು. ಚಕ್ಕುಬಂದಿ, ಬಾವಿಯ ನೀರಿನ ಹಕ್ಕು, ಹಲಸಿನ ಮರ ಯಾವ ಗಡಿಯಲ್ಲಿದೆ ಎಂಬುದೂ ಇತ್ತು. ಓದಿ ಮುಗಿದ ಮೇಲೆ ಅವರು, “ಇಷ್ಟೆಲ್ಲ ಬರೆದವರು ನನ್ನ ಗಂಜಿಯ ಮಾತು ಬರೆಯಲಿಲ್ಲವಾ ಟೀಚರೇ?” ಎಂದು ಕೇಳಿದರು.

ಬರೆದಿರಲಿಲ್ಲ. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೆಯ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪಡೆದವರು ನೋಡಿಕೊಳ್ಳದಿದ್ದರೆ ರದ್ದುಪಡಿಸಿಕೊಳ್ಳಬಹುದು. ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು; 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಮೊಕದ್ದಮೆಯಲ್ಲಿ, ಮಗ ಪ್ರತ್ಯೇಕವಾಗಿ ಬರೆದುಕೊಟ್ಟಿದ್ದ ವಾಗ್ದಾನದ ಕಾಗದವನ್ನೂ ಗಣನೆಗೆ ತೆಗೆದುಕೊಂಡು, ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು. ನಮ್ಮ ಹೆಂಗಸಿನ ಬಳಿ ಅಂಥ ಕಾಗದವೂ ಇಲ್ಲ, ಮಗನ ಬಾಯಿಮಾತು ಮಾತ್ರ ಇದೆ.

ಆಸ್ತಿ ತಾಯಿಯ ಕಡೆಯಿಂದ ಇಳಿದುಬರುವ ಅಳಿಯಕಟ್ಟಿನ ನಾಡೆಂದು ನಾವು ಬೀಗುತ್ತೇವೆ. ಹೆಣ್ಣಿನ ಹೆಸರಿನಲ್ಲಿ ಮನೆ, ಜಾಗ ಇರುವುದು ಇಲ್ಲಿ ಅಪರೂಪವಲ್ಲ ಎಂಬುದೂ ನಿಜವೇ. ಆದರೆ ಬರೆದುಕೊಡಲು ಏನಾದರೂ ಇರುವವಳನ್ನೇ ತಾನೇ ಬರೆದುಕೊಡು ಎಂದು ಒತ್ತಾಯಿಸುವುದು? ಏನೂ ಇಲ್ಲದವಳನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ರಿಕ್ಷಾ ಮಾಡಿ ಯಾರೂ ಕರೆದುಕೊಂಡು ಹೋಗುವುದಿಲ್ಲ.

ಆಸ್ತಿ ಮರಳದಿದ್ದರೂ ಜೀವನಾಂಶ ಕೇಳಬಹುದು; ಕಾಯ್ದೆಯ ಪ್ರಕಾರ ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ, ಅದೂ ನೋಟಿಸು ತಲುಪಿದ 90 ದಿನಗಳೊಳಗೆ ತೀರ್ಮಾನವಾಗಬೇಕು. ಅರ್ಜಿ ಹೋಗಬೇಕಾದದ್ದು ಉಪವಿಭಾಗಾಧಿಕಾರಿಯವರ ಮುಂದಿನ ನ್ಯಾಯಮಂಡಳಿಗೆ, ಉಡುಪಿ ಜಿಲ್ಲೆಯವರಿಗೆಂದರೆ ಕುಂದಾಪುರಕ್ಕೆ. ಮೊಣಕಾಲು ನೋವಿರುವವರಿಗೆ ಬಸ್ಸು ಬದಲಿಸಿ ಅಲ್ಲಿಗೆ ಹೋಗಿ ಬರುವುದು ಒಂದು ಇಡೀ ದಿನದ ಕೆಲಸ. ತಾನಾಗಿ ಹೋಗಲಾರದವರು ಬೇರೊಬ್ಬರಿಗೆ ಒಪ್ಪಿಗೆ ಕೊಟ್ಟು ಅರ್ಜಿ ಹಾಕಿಸಬಹುದಾದ್ದರಿಂದ, ನಮ್ಮಲ್ಲಿ ಇಬ್ಬರು ಅದಕ್ಕೆ ತಯಾರಾಗಿದ್ದೇವೆ. ಅವರು ಮಾತ್ರ ಇನ್ನೂ ಸಹಿ ಹಾಕಿಲ್ಲ. “ಆಟಿ ತಿಂಗಳು ಕಳೆಯಲಿ” ಎಂದಿದ್ದರು, ಆಮೇಲೆ ಚೌತಿ ಕಳೆಯಲಿ ಎಂದರು. ಒತ್ತಾಯಿಸುವ ಹಕ್ಕು ನಮಗಿಲ್ಲ. ಮಗನೂ ಒತ್ತಾಯಿಸಿಯೇ ಸಹಿ ಹಾಕಿಸಿದ್ದು.

ಆದ್ದರಿಂದ ಈಗ ನಾವು, ಬರೆದುಕೊಡುವುದಿದ್ದರೆ ನೋಂದಣಿಗೆ ಮೊದಲೇ ಕರಡನ್ನು ಜಗಲಿಗೆ ತನ್ನಿ ಎಂದು ಮನೆಮನೆಗೆ ಹೇಳಿಬರುತ್ತಿದ್ದೇವೆ. ಜೀವವಿರುವಷ್ಟು ದಿನ ಆ ಮನೆಯಲ್ಲಿ ವಾಸ, ಊಟ, ಬಟ್ಟೆ, ಮದ್ದು, ಇದು ತಪ್ಪಿದರೆ ದಾನ ರದ್ದು ಎಂಬ ಒಂದೇ ವಾಕ್ಯ ಅದರಲ್ಲಿ ಇರಬೇಕು. ಹೋದ ಭಾನುವಾರ ಒಬ್ಬರು ಮಗನನ್ನೇ ಕರೆತಂದಿದ್ದರು. ಆ ವಾಕ್ಯ ಸೇರಿಸಬೇಕೆಂದಾಗ ಅವನ ಮುಖ ಸಣ್ಣದಾಯಿತು, “ಅಮ್ಮನಿಗೆ ನನ್ನ ಮೇಲೆ ನಂಬಿಕೆ ಇಲ್ಲವಾ?” ಎಂದ. ತಾಯಿ ಎಲೆಯಡಿಕೆ ಮೆಲ್ಲುತ್ತಾ, “ಉಂಟು ಮಾರಾಯ, ಅದನ್ನೇ ಬರೆ” ಎಂದರು. ಅವನು ಕರಡನ್ನು ಮಡಚಿ ಜೇಬಿಗೆ ಹಾಕಿಕೊಂಡು ದಸ್ತಾವೇಜು ಬರೆಯುವವರ ಬಳಿಗೆ ವಾಪಸು ಹೋದ.